ಸೊನ್ನೆಯೂ ಅನುಸ್ವಾರವೂ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಸೀಮೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಊರುಗಳಿರುವದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ. ಆದರೆ ಈ ಊರುಗಳ ಹೆಸರನ್ನು ಬರೆಯುವ ಬಗೆ ಎಷ್ಟೆಂಬದನ್ನು ಯಾರಾದರೂ ಎಣಿಸಿರುವರೋ ಇಲ್ಲವೋ ಕಾಣೆವು. ಅಂಗಡಿಯ ಫಲಕಗಳಲ್ಲಿಯೂ ಲಗ್ನಪತ್ರಿಕೆಗಳಲ್ಲಿಯೂ ಒಮ್ಮೆ ಕಣ್ಣಾಡಿಸಿದರೆ ಮುಧೋಳವು ಮುದೋಳವಾಗಿ, ಬೀಳಗಿಯು ಬಿಳಗಿಯಾಗಿ, ರಬಕವಿಯು ರಬ್ಕವಿಯಾಗಿ, ಜಮಖಂಡಿಯು ಜಮಕಂಡಿಯಾಗಿ ಕಂಡುಬರುವದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಮರಾಠಿ, ಇಂಗ್ಲಿಷು, ಕನ್ನಡ ಎಂಬ ಮೂರು ದಫ್ತರಗಳನ್ನು ದಾಟಿ ಬಂದ ಹೆಸರುಗಳು ಇವು. ಬರೆದ ಕಾರಕೂನನು ತನ್ನ ಕಿವಿಗೆ ಕೇಳಿದಂತೆ ಬರೆದನು, ಓದಿದವನು ತನ್ನ ಬುದ್ಧಿಗೆ ತಿಳಿದಂತೆ ಓದಿದನು, ಕೆಲಸ ಸಾಗಿತು.

ಇಂದು ಓದುವವನು ಮನುಷ್ಯನಲ್ಲದಿರುವದರಿಂದಲೇ ಈ ಲೇಖನವನ್ನು ಬರೆಯಬೇಕಾಗಿದೆ.

ಕಳೆದ ವರ್ಷದ ಮಾತು. ಬನಹಟ್ಟಿಯಲ್ಲಿರುವ ನಮ್ಮ ಸೋದರತ್ತೆಯವರನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗುವ ಪ್ರಸಂಗ ಬಂದಿತು. ಅವರದು ಮಗ್ಗದ ಮನೆತನ, ವಯಸ್ಸು ಎಂಬತ್ತರ ಹತ್ತಿರ, ಅಡ್ಡಹೆಸರು ಜಮಖಂಡಿ. ಈ ಭಾಗದಲ್ಲಿ ಊರ ಹೆಸರೇ ಮನೆತನದ ಹೆಸರಾಗಿರುವದು ಸಾಮಾನ್ಯವಷ್ಟೆ. ಯಾವುದೋ ಮಾಸಾಶನದ ಕಾಗದ ಬೇಕಾಗಿತ್ತು. ಕಚೇರಿಯ ತರುಣನು ಅವರ ಹೆಸರನ್ನು ಕಂಪ್ಯೂಟರಿನಲ್ಲಿ ಹೊಡೆದು, ಪರದೆಯನ್ನು ನೋಡಿ, “ದಾಖಲೆ ಇಲ್ಲರಿ” ಎಂದನು. ಮತ್ತೊಮ್ಮೆ ಹೊಡೆದನು, ಇಲ್ಲ.

“ನಾ ಇಲ್ಲೇ ನಿಂತೀನಲ್ಲೋ ತಮ್ಮಾ, ಇಲ್ಲಂತ ಹೆಂಗ ಅಂತೀ?” ಎಂದು ಅತ್ತೆಯವರು ಕೇಳಿದರು.

“ನೀವು ಅದೀರಿ ಅಮ್ಮಾರ, ಕಂಪ್ಯೂಟರಿನ್ಯಾಗ ಇಲ್ಲರಿ.”

ಆ ಹುಡುಗನ ಮೇಲೆ ನಮಗೆ ಕೋಪವಿಲ್ಲ. ಅವನು ಕಂಡದ್ದನ್ನು ಕಂಡಂತೆ ಹೇಳಿದನು. ಮೂರು ಸಾರೆ ಹೋಗಿ ಬರಿಗೈಯಿಂದ ಬಂದೆವು. ನಾಲ್ಕನೆಯ ಸಾರೆ ಇನ್ನೊಬ್ಬನು ಹೆಸರನ್ನು ಬಿಟ್ಟು ಹಳೆಯ ಪುಸ್ತಕದಲ್ಲಿದ್ದ ಸಂಖ್ಯೆಯನ್ನು ಹೊಡೆದು ನೋಡಲು, ದಾಖಲೆ ತಟ್ಟನೆ ಬಂದಿತು. ಅದರಲ್ಲಿ ಅತ್ತೆಯವರ ಹೆಸರು ಸ್ಪಷ್ಟವಾಗಿ, ಒಂದು ಅಕ್ಷರವೂ ತಪ್ಪದೆ ಇದ್ದಿತು! ಹಾಗಿದ್ದರೆ ಮೊದಲು ಏಕೆ ಸಿಕ್ಕಲಿಲ್ಲ? ಆ ತರುಣನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿ ನಕ್ಕನು. ಹೆಸರನ್ನು ಮೊದಲು ತುಂಬಿದವರು ‘ಜಮಖಂಡಿ’ ಎಂದು ಬರೆಯುವ ಬದಲು ‘ಜಮಖ೦ಡಿ’ ಎಂದು ಬರೆದಿದ್ದರು. ವಾಚಕರು ಎರಡನ್ನೂ ಮತ್ತೊಮ್ಮೆ ನೋಡಬೇಕು. ಮೊದಲನೆಯದರಲ್ಲಿರುವದು ಅನುಸ್ವಾರ. ಎರಡನೆಯದರಲ್ಲಿರುವದು ಅಂಕಿಯ ಸೊನ್ನೆ.

ಶಾಲೆಯಲ್ಲಿ ಅನುಸ್ವಾರವನ್ನೇ ‘ಸೊನ್ನೆ’ ಎಂದು ಕಲಿತವರು ನಾವು. ತುಂಬಿದವನು ಮಾಡಿದ್ದು ಮಹಾಪರಾಧವೆಂದು ಹೇಗೆ ಹೇಳೋಣ?

ಕಂಪ್ಯೂಟರಿನ ಹೊಟ್ಟೆಯಲ್ಲಿ ಅಕ್ಷರವೆಂಬ ವಸ್ತುವೇ ಇಲ್ಲ, ಇರುವದೆಲ್ಲ ಅಂಕಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕಿಯನ್ನು ಗೊತ್ತುಮಾಡಿದ ಯುನಿಕೋಡ್ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಬಂದಿತು. ಅದರಲ್ಲಿ 3200ರಿಂದ 3327ರ ವರೆಗಿನ 128 ಮನೆಗಳು ಕನ್ನಡಕ್ಕೆ ದೊರೆತಿವೆ. ಕ ಎಂಬದು 3221, ಖ ಎಂಬದು 3222. ಅನುಸ್ವಾರವು 3202, ಸೊನ್ನೆಯು 3302. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಉಂಡೆಗಳ ನಡುವೆ ಯಂತ್ರಕ್ಕೆ ಸರಿಯಾಗಿ ನೂರರ ಅಂತರ. ಯಂತ್ರವು ಕೇಳಿದ ಅಂಕಿಗಳನ್ನೂ ಇಟ್ಟ ಅಂಕಿಗಳನ್ನೂ ಒಂದಕ್ಕೊಂದು ತಾಳೆ ನೋಡುವದು. ಸರಿಹೋದರೆ ‘ಇದೆ’, ಇಲ್ಲದಿದ್ದರೆ ‘ಇಲ್ಲ’. ನಡುವೆ ‘ಇದ್ದರೂ ಇರಬಹುದು’ ಎಂಬ ಮಾತು ಅದಕ್ಕೆ ತಾನಾಗಿ ಬರುವದಿಲ್ಲ; ಯಾರಾದರೂ ಕಲಿಸಿದರೆ ಮಾತ್ರ ಬರುವದು.

ಇಂಥ ತೊಡಕು ಇದೊಂದೇ ಅಲ್ಲ. ಮುಧೋಳದ ‘ಧೋ’ವನ್ನೇ ನೋಡಿರಿ. ಧ ಅಕ್ಷರದ ಮೇಲೆ 3275 ಎಂಬ ಒಂದೇ ಓತ್ವವನ್ನು ಇಟ್ಟು ಅದನ್ನು ಬರೆಯಬಹುದು; ಅಥವಾ 3274ರ ಹ್ರಸ್ವವನ್ನಿಟ್ಟು ಅದರ ಮುಂದೆ 3285ರ ದೀರ್ಘಚಿಹ್ನೆಯನ್ನು ಜೋಡಿಸಿಯೂ ಬರೆಯಬಹುದು. ಕಾಗದದ ಮೇಲೆ ಎರಡೂ ಒಂದೇ. ಇವೆರಡೂ ಸಮಾನವೆಂದು ಯುನಿಕೋಡಿನವರೇ ನಿಯಮ ಮಾಡಿರುವರು; ಆ ನಿಯಮದಂತೆ ಬರಹವನ್ನು ಮೊದಲು ಹಸನುಮಾಡಿಕೊಂಡರೆ ಈ ತೊಡಕು ತೀರುವದು. ಆದರೆ ಸೊನ್ನೆಯೂ ಅನುಸ್ವಾರವೂ ಸಮಾನವೆಂದು ಯಾವ ನಿಯಮವೂ ಹೇಳುವದಿಲ್ಲ. ಹೇಳಕೂಡದು ಕೂಡ, ಹಾಗೆ ಮಾಡಿದರೆ ಹತ್ತು ರೂಪಾಯಿಯ ಸೊನ್ನೆ ಏನಾಗಬೇಕು? ಎರಡು ಅಕ್ಷರಗಳ ನಡುವೆ ಬಂದ ಸೊನ್ನೆಯನ್ನು ಮಾತ್ರ ಅನುಸ್ವಾರವೆಂದು ತಿಳಿಯಬೇಕೆಂಬ ವಿವೇಕವು ಕನ್ನಡವನ್ನು ಓದಬಲ್ಲವರಿಂದಲೇ ಬರಬೇಕು.

ಇನ್ನು ಕೇಳುವ ಬಗೆಯ ವಿಚಾರ. ಮಾಹಿತಿಯನ್ನು ಸಾಲು ಕಂಬಗಳ ಕೋಷ್ಟಕಗಳಾಗಿ ಜೋಡಿಸಿಟ್ಟ ಕಣಜಕ್ಕೆ ಡೇಟಾಬೇಸ್ ಎನ್ನುವರು. ಅದನ್ನು ಕೇಳುವ ಪ್ರಶ್ನೆಗೆ ಕ್ವೆರಿ ಎಂದು ಹೆಸರು. ಹೀಗೆ ಕೋಷ್ಟಕಗಳಲ್ಲಿ ಇಡುವ ಕ್ರಮವನ್ನು ಐಬಿಎಮ್ ಸಂಸ್ಥೆಯಲ್ಲಿದ್ದ ಕಾಡ್ ಎಂಬವರು 1970ರಲ್ಲಿ ಪ್ರತಿಪಾದಿಸಿದರು. ಕೇಳುವದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆ ಅನಂತರ ಅದೇ ಸಂಸ್ಥೆಯಲ್ಲಿ ಹುಟ್ಟಿತು. ಇಂದು ಕಾರ್ಯಕ್ರಮ ಬರೆಯುವವರು ಪ್ರತಿಸಾರೆ ಆ ಭಾಷೆಯನ್ನು ಕೈಯಿಂದ ಬರೆಯುತ್ತ ಕೂಡುವದಿಲ್ಲ. ಪ್ರಶ್ನೆಗಳನ್ನು ಕಟ್ಟಿಕೊಡುವ ಸಿದ್ಧ ಸಲಕರಣೆಗಳಿವೆ; ಅವಕ್ಕೆ ಲೈಬ್ರರಿ ಎನ್ನುವರು. ಪೈಥಾನ್ ಭಾಷೆಯವರಿಗೆ 2006ರಿಂದ ದೊರೆತಿರುವ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬದು ಅಂಥದು. ಇಂಥವು ಬಹುಮಟ್ಟಿಗೆ ಮುಕ್ತ ತಂತ್ರಾಂಶಗಳು: ಅವುಗಳ ಮೂಲ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಮ್ಮ ಕಡೆಯಿಂದ ಒಂದು ಸೇರ್ಪಡೆಯನ್ನು ಹೆಣೆದು ಎಲ್ಲರಿಗೂ ಕೊಡಬಹುದು.

ಸೇರ್ಪಡೆ ಎಂದರೇನೆಂಬದನ್ನು ರಬಕವಿ-ಬನಹಟ್ಟಿಯವರಿಗೆ ವಿವರಿಸುವ ಕಷ್ಟ ನಮಗಿಲ್ಲ. ಸಾದಾ ಮಗ್ಗದಲ್ಲಿ ಹಾಸಿನ ಎಳೆಗಳು ಒಂದು ಬಿಟ್ಟು ಒಂದು ಏಳುವವು, ಲಾಳಿಯು ಹೊಕ್ಕನ್ನು ಎಳೆದುಕೊಂಡು ಓಡಾಡುವದು, ಬಟ್ಟೆ ಬರುವದು. ಸೀರೆಯ ಅಂಚಿನಲ್ಲಿ ಹೂಬಳ್ಳಿ ಬೇಕಾದರೆ ಮಗ್ಗವನ್ನು ಸುಟ್ಟು ಹೊಸದನ್ನು ಮಾಡಬೇಕಾಗಿಲ್ಲ. ಮೇಲೆ ಜಕಾರ್ಡನ್ನು ಏರಿಸಿದರೆ ಸಾಕು. ತೂತು ಕೊರೆದ ರಟ್ಟುಗಳ ಮಾಲೆಯು ಯಾವ ಎಳೆ ಏಳಬೇಕು, ಯಾವದು ಕೂಡಬೇಕು ಎಂಬದನ್ನು ಮಗ್ಗಕ್ಕೆ ಹೇಳುತ್ತ ಹೋಗುವದು. ರಟ್ಟು ಬದಲಿಸಿದರೆ ಹೂವು ಬದಲಾಗುವದು, ಮಗ್ಗ ಅದೇ ಇರುವದು. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡನು 1804ರ ಸುಮಾರಿಗೆ ಇದನ್ನು ಸಿದ್ಧಪಡಿಸಿದನು. ತೂತಿನ ರಟ್ಟೇ ಮುಂದೆ 1890ರಲ್ಲಿ ಅಮೇರಿಕೆಯ ಜನಗಣತಿಯ ಎಣಿಕೆಗೆ ಬಂದಿತು; ಗಣಕಯಂತ್ರಗಳಿಗೆ ಬಹುಕಾಲ ಆಹಾರವೂ ಅದೇ ಆಗಿದ್ದಿತು. ಕಂಪ್ಯೂಟರು ನೇಕಾರನ ಮೊಮ್ಮಗನೆಂದು ಯಾರಾದರೂ ಬನಹಟ್ಟಿಯಲ್ಲಿ ಹೆಮ್ಮೆ ಪಟ್ಟುಕೊಂಡರೆ ನಾವು ತಡೆಯುವದಿಲ್ಲ.

ಹೀಗೆ ಜಕಾರ್ಡನ್ನು ಏರಿಸಿಕೊಳ್ಳಲೆಂದೇ ಕಟ್ಟಿದ ಒಂದು ಕಣಜವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕರು 1986ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕೆಲಸವನ್ನು ಆರಂಭಿಸಿದರು. ಹೊಸ ಬಗೆಯ ವಸ್ತುಗಳನ್ನೂ ಹೊಸ ಬಗೆಯ ಪ್ರಶ್ನೆಗಳನ್ನೂ ಬಳಸುವವರೇ ಸೇರಿಸಿಕೊಳ್ಳುವಂತಿರಬೇಕೆಂಬದು ಅವರ ಮೂಲ ಸಂಕಲ್ಪಗಳಲ್ಲಿ ಒಂದು. ವಿಶ್ವವಿದ್ಯಾಲಯವು ಕೆಲಸವನ್ನು ಮುಗಿಸಿ ಕೈ ಬಿಟ್ಟ ಮೇಲೆ, ನಾನಾ ದೇಶಗಳ ಸ್ವಯಂಸೇವಕರು ಅದನ್ನು ಎತ್ತಿಕೊಂಡರು. 1996ರಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರಿನಿಂದ ಅದು ನಡೆದು ಬಂದಿದೆ. ಅದಕ್ಕೆ ಬಂದ ಸೇರ್ಪಡೆಗಳಲ್ಲಿ ಒಂದರ ಕಥೆ ನಮಗೆ ಬಹಳ ಹಿಡಿಸಿತು. ಮಾಸ್ಕೋ ವಿಶ್ವವಿದ್ಯಾಲಯದ ಖಗೋಳ ಸಂಸ್ಥೆಯಲ್ಲಿದ್ದ ಒಲೆಗ್ ಬಾರ್ತುನೋವ್ ಎಂಬ ಖಗೋಳಶಾಸ್ತ್ರಜ್ಞರೂ ಅವರ ಜತೆಗಾರ ತಿಯೊದೋರ್ ಸಿಗಾಯೆವ್ ಎಂಬವರೂ ದೊಡ್ಡ ಬರಹಗಳ ರಾಶಿಯಲ್ಲಿ ಶಬ್ದವನ್ನು ಹುಡುಕುವ ಒಂದು ಸೇರ್ಪಡೆಯನ್ನು ಹೆಣೆದು ಕೊಟ್ಟರು. ಅನೇಕ ವರ್ಷ ಅದು ಹೊರಗಿನ ಜೋಡಣೆಯಾಗಿಯೇ ಇದ್ದು, ಜನರು ಬಳಸಿ ಒರೆಗೆ ಹಚ್ಚಿ ನೋಡಿದ ಮೇಲೆ, 2008ರ ಆವೃತ್ತಿಯಲ್ಲಿ ಕಣಜದ ಒಳಗಣ ಅಂಗವೇ ಆಯಿತು. ನಕ್ಷತ್ರ ನೋಡುವವರು ಹೆಣೆದ ಈ ಬಲೆಯಿಂದಲೇ ಮುಂದೆ ಕನ್ನಡದ ಶಬ್ದಗಳನ್ನು ಹಿಡಿಯುವ ಕಾಲ ಬಂದಿತು. ಅದನ್ನು ಈಗ ಹೇಳುವೆವು.

ಉಚ್ಚಾರದಿಂದ ಹೆಸರನ್ನು ಹುಡುಕುವ ಉಪಾಯವು ಹಳೆಯದು. ಅಮೇರಿಕೆಯ ರಸೆಲ್ ಎಂಬವನು 1918ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದನು. ಒಂದೇ ರೀತಿ ಕೇಳಿಸುವ ಅಕ್ಷರಗಳಿಗೆ ಒಂದೇ ಗುರುತು ಕೊಟ್ಟು, ಸ್ವರಗಳನ್ನು ಬಿಟ್ಟು, ಹೆಸರಿನ ಎಲುಬನ್ನಷ್ಟೇ ಇಟ್ಟುಕೊಂಡು ಹೋಲಿಸುವದು ಅದರ ಮರ್ಮ. ಸೌಂಡೆಕ್ಸ್ ಎಂದು ಹೆಸರಾದ ಆ ಉಪಾಯವೂ, 1990ರಲ್ಲಿ ಅದರ ಬೆನ್ನಿಗೆ ಬಂದ ಮೆಟಾಫೋನ್ ಎಂಬದೂ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸೇರ್ಪಡೆಯಾಗಿ ದೊರೆಯುತ್ತವೆ. ಆದರೆ ಅವು ಇಂಗ್ಲಿಷಿನ ಕಿವಿಗಳು. ಒಂದು ಅಕ್ಷರಕ್ಕೆ ಹಲವು ಬೈಟುಗಳು ಬೇಕಾಗುವ ಬರಹಗಳಲ್ಲಿ ಅವು ಚೆನ್ನಾಗಿ ನಡೆಯವೆಂದು ಆ ಸೇರ್ಪಡೆಯ ಕೈಪಿಡಿಯಲ್ಲಿಯೇ ಹೇಳಿದೆ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಮೂರು ಬೈಟು ಬೇಕು. ಶಬ್ದದ ಪ್ರತ್ಯಯಗಳನ್ನು ಕಳಚಿ ಮೂಲರೂಪವನ್ನು ಹಿಡಿಯುವ ಇನ್ನೊಂದು ಏರ್ಪಾಡಿನಲ್ಲಿ ತಮಿಳೂ ನೇಪಾಳಿಯೂ 2019ರ ಆವೃತ್ತಿಯಲ್ಲಿ ಸೇರಿದವು, ಹಿಂದಿಯು 2021ರದರಲ್ಲಿ ಸೇರಿತು. ಆ ಪಟ್ಟಿಗಳಲ್ಲಿ ಕನ್ನಡವಿರಲಿಲ್ಲ. ಮಗ್ಗ, ಮಗ್ಗದಿಂದ, ಮಗ್ಗಕ್ಕೆ, ಮಗ್ಗದೊಳಗೆ ಎಂದು ಹೇಳಿದರೆ ಅವು ನಾಲ್ಕು ಬೇರೆ ಬೇರೆ ವಸ್ತುಗಳೆಂದೇ ಯಂತ್ರದ ಭಾವನೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ತಂದುಕೊಟ್ಟ ಭಾಷೆಗಳು ಪಟ್ಟಿಯಲ್ಲಿ ಸೇರಿದವು, ಅಷ್ಟೆ.

ಕನ್ನಡಕ್ಕಾಗಿ ಯಾರೂ ಏನೂ ತರಲಿಲ್ಲವೆಂದು ತಿಳಿಯಬಾರದು. ವಿ. ಕೃಷ್ಣ ಎಂಬ ಮಹನೀಯರು ಹಲವು ದಶಕಗಳ ಕಾಲ ಏಕಾಂಗಿಯಾಗಿ ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಒಂದುಂಟು. ಅದರಲ್ಲಿ 1,50,000ಕ್ಕೂ ಮಿಕ್ಕ ಕನ್ನಡ ಶಬ್ದಗಳೂ 2,40,000ಕ್ಕೂ ಮಿಕ್ಕ ಅರ್ಥಗಳೂ ಇವೆ. ಅದನ್ನು ಅವರು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಲಿಲ್ಲ. 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ, ಯಾರಾದರೂ ಬಳಸಬಹುದು, ಬೆಳೆಸಬಹುದು, ಬೆಳೆಸಿ ಪ್ರಕಟಿಸಿದವರು ತಮ್ಮದನ್ನೂ ಇದೇ ಕರಾರಿನ ಮೇಲೆ ಕೊಡಬೇಕು ಎಂಬ ಮುಕ್ತ ಪರವಾನಗಿಯಲ್ಲಿ ಅದು ಲೋಕಕ್ಕೆ ಬಂದಿತು. ಅದನ್ನು ಬೆಳಕಿಗೆ ತಂದ ತಂತ್ರವನ್ನು ಕಟ್ಟಿದವರು ಬೆಂಗಳೂರಿನ ಝೆರೋಧಾ ಸಂಸ್ಥೆಯ ಕೈಲಾಶ್ ನಾಧ್. ಅವರು ಮಲಯಾಳಿಗಳು, ಮಲಯಾಳ ನಿಘಂಟಿಗಾಗಿ 2010ರಿಂದ ‘ಓಳಂ’ ಎಂಬದನ್ನು ನಡೆಸಿಕೊಂಡು ಬಂದವರು. ಮಲಯಾಳದ ಉಚ್ಚಾರಕ್ಕಾಗಿ ತಾವು ಮಾಡಿದ್ದ ಉಪಾಯದ ಮಾದರಿಯ ಮೇಲೆ ಕನ್ನಡಕ್ಕೆ ‘ಕೆಎನ್‌ಫೋನ್’ ಎಂಬದನ್ನು ಬರೆದು, ಅದರ ಮೂಲವನ್ನೂ ಎಲ್ಲರಿಗೆ ತೆರೆದಿಟ್ಟರು. ಅಲರ್ ಮೊದಲು ನಿಂತದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಮೇಲೆ, ಮಾಸ್ಕೋದವರ ಶಬ್ದಶೋಧದ ಮೇಲೆ. ನೆರೆಯ ಭಾಷೆಯವರು ನಮ್ಮ ಭಾಷೆಗೆ ಮಾಡಿಕೊಟ್ಟ ಉಪಕಾರವೆಂದು ಇದನ್ನು ಇಲ್ಲಿ ಕೃತಜ್ಞತೆಯಿಂದ ಬರೆಯುತ್ತೇವೆ. ಸ್ವಲ್ಪ ನಾಚಿಕೆಯಿಂದಲೂ ಬರೆಯುತ್ತೇವೆ.

ಕೆಎನ್‌ಫೋನಿನ ಚಾತುರ್ಯವಿರುವದು ಅದರ ಮೂರು ಕೀಲಿಗಳಲ್ಲಿ. ಅದು ಪ್ರತಿಯೊಂದು ಶಬ್ದದಿಂದ ಮೂರು ಗುರುತುಗಳನ್ನು ತೆಗೆಯುವದು. ಮೊದಲನೆಯದು ಬಹಳ ಉದಾರ. ಸ್ವರಚಿಹ್ನೆಗಳನ್ನೂ ಕಠಿಣ ಧ್ವನಿಗಳ ಭೇದವನ್ನೂ ಲೆಕ್ಕಿಸುವದಿಲ್ಲ. ಎರಡನೆಯದು ಕಠಿಣ ಧ್ವನಿಗಳನ್ನು ಗಮನಿಸುವದು. ಮೂರನೆಯದು ಸ್ವರಚಿಹ್ನೆಗಳನ್ನೂ ಸೇರಿಸಿಕೊಂಡು ತೀರ ಇಕ್ಕಟ್ಟಾಗಿ ನೋಡುವದು. ಮೂರು ಏಕೆ ಎಂದರೆ, ಔದಾರ್ಯವೇ ಒಮ್ಮೊಮ್ಮೆ ಅನರ್ಥವಾಗುವದುಂಟು. ದಕಾರ ಧಕಾರಗಳನ್ನು ಒಂದೆಂದು ತಿಳಿದರೆ ಮುಧೋಳವೂ ಮುದೋಳವೂ ಕೂಡಿಕೊಳ್ಳುವವು, ಸಂತೋಷ. ಆದರೆ ಧನವನ್ನು ಕೇಳಿದವನ ಮುಂದೆ ದನ ಬಂದು ನಿಲ್ಲುವದು. (ನಮ್ಮ ಸೀಮೆಯ ಒಕ್ಕಲಿಗರು ಎರಡೂ ಒಂದೇ ಎನ್ನಬಹುದು, ಅದು ಬೇರೆ ಮಾತು.) ಲಕಾರ ಳಕಾರಗಳನ್ನು ಒಂದುಮಾಡಿದರೆ ಕಾಳು ಕೇಳಿದವನಿಗೆ ಕಾಲು, ಹಳ್ಳ ಕೇಳಿದವನಿಗೆ ಹಲ್ಲು. ಆದುದರಿಂದ ಮೊದಲು ದೊಡ್ಡ ಬಲೆಯನ್ನು ಬೀಸಿ, ಬಂದುದರಲ್ಲಿ ಇಕ್ಕಟ್ಟಿನ ಕೀಲಿಗೂ ಹೊಂದಿದ್ದನ್ನು ಮೇಲಕ್ಕೆ ತಂದು ತೋರಿಸುವ ಕ್ರಮವನ್ನು ಇಟ್ಟುಕೊಳ್ಳಬಹುದು. ಅಕ್ಕಿಯನ್ನು ಮೊದಲು ಜರಡಿಗೆ ಹಾಕಿ ಆಮೇಲೆ ಮೊರಕ್ಕೆ ಹಾಕುವ ನಮ್ಮ ಗೃಹಿಣಿಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಶಬ್ದಸಂಗ್ರಹದ ಮಾತು ಬಂದ ಮೇಲೆ ಮುಧೋಳವನ್ನು ನೆನೆಯದೆ ಮುಂದೆ ಹೋಗುವದು ಹೇಗೆ? ಕವಿ ರನ್ನನು 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ್ದು ಈ ಮುದುವೊಳಲಿನಲ್ಲಿಯೇ. ಗದಾಯುದ್ಧದ ಕವಿಯೆಂದು ಅವನನ್ನು ಎಲ್ಲರೂ ಬಲ್ಲರು. ಅವನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟು ಒಂದಿರುವದನ್ನು ಬಲ್ಲವರು ಕಡಿಮೆ. ಹಳಗನ್ನಡ ಶಬ್ದಗಳಿಗೆ ಕಂದಪದ್ಯಗಳಲ್ಲಿ ಅರ್ಥ ಹೇಳುವ ಅದು ಕನ್ನಡದ ನಿಘಂಟುಗಳಲ್ಲಿ ಅತ್ಯಂತ ಹಳೆಯದೆಂದು ಗಣಿಸಲ್ಪಟ್ಟಿದೆ. ಆದರೆ ಇಂದು ನಮಗೆ ಉಳಿದಿರುವದು ಕೆಲವೇ ಪದ್ಯಗಳು! ಅದೇ ಕಾಲದಲ್ಲಿ ರನ್ನನ ಪೋಷಕಳಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಅಚ್ಚಿನ ಮನೆಯಿಲ್ಲದ ದಿನಗಳಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಕಂಠಗಳು, ಎಷ್ಟು ಕೈಗಳು, ಎಷ್ಟು ಹಗಲುಗಳು ಬೇಕಾಗಿದ್ದವೋ! ಆ ಪುರಾಣ ಉಳಿಯಿತು. ರನ್ನಕಂದಕ್ಕೆ ಅಂಥ ಅತ್ತಿಮಬ್ಬೆ ದೊರೆಯಲಿಲ್ಲವೆಂದು ತೋರುತ್ತದೆ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿದ ಕಿಟ್ಟೆಲರ ಕೋಶವಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಮಹಾಕೋಶವಾಗಲಿ ಕಪಾಟಿನಲ್ಲಿರುವಾಗ, ಹಾಳೆ ತಿರುವುವವನ ಕಣ್ಣು ಪಕ್ಕದ ಶಬ್ದವನ್ನೂ ಕಾಣುವದು. ತಪ್ಪು ಕಾಗುಣಿತದಿಂದ ಹೋದವನೂ ಎಡವಿಕೊಂಡು ಸರಿಯಾದ ಶಬ್ದಕ್ಕೆ ತಲಪುವನು. ಕಂಪ್ಯೂಟರಿನಲ್ಲಿ ಪಕ್ಕದ ಹಾಳೆಯಿಲ್ಲ. ಕೇಳಿದ್ದು ಸಿಕ್ಕದಿದ್ದರೆ ಬಿಳಿಯ ಪರದೆ.

ಸೇರ್ಪಡೆಯನ್ನು ಕೊಡುವ ಕೆಲಸ ಸುಲಭವೆಂದು ಹೇಳಿ ತರುಣರನ್ನು ಹುರಿದುಂಬಿಸುವ ಇಚ್ಛೆ ನಮಗಿಲ್ಲ. ಮೊದಲು ಅಂಥದು ಆಗಲೇ ಇದೆಯೇ ಎಂದು ನೋಡಬೇಕು. ಎಷ್ಟೋ ಉತ್ಸಾಹಿಗಳು ಇದ್ದುದನ್ನೇ ಮತ್ತೆ ಮಾಡಿ ದಣಿಯುವರು. ಅನಂತರ ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೆ ತನ್ನ ಉದ್ದೇಶವನ್ನು ಬಹಿರಂಗವಾಗಿ ತಿಳಿಸಬೇಕು. ಅವರು ಬಹುಮಟ್ಟಿಗೆ ಸಂಬಳವಿಲ್ಲದೆ, ರಾತ್ರಿಯ ವೇಳೆ ಈ ಕೆಲಸ ಮಾಡುವವರು. ಉತ್ತರ ಬರುವದಕ್ಕೆ ವಾರಗಳಾಗಬಹುದು, ಬಂದ ಉತ್ತರ ‘ಬೇಡ’ ಎಂದೂ ಇರಬಹುದು. ಬೇಡವೆನ್ನುವದಕ್ಕೆ ಕಾರಣವುಂಟು. ಒಮ್ಮೆ ಒಳಗೆ ಸೇರಿಸಿಕೊಂಡ ಮೇಲೆ ಅದನ್ನು ಮುಂದೆ ಸಾಕುವವರು ಅವರೇ. ತಾಯಿ ಹಡೆದು ಹೋದಳು, ಸಾಕುವವರು ನಾವೇ ಎಂಬಂಥ ಕೂಸುಗಳು ಅವರ ಮನೆಯಲ್ಲಿ ಬೇಕಾದಷ್ಟಿವೆ. ಅದಕ್ಕಾಗಿಯೇ ಸಣ್ಣ ಕೆಲಸವನ್ನು ಹೊರಗಿನ ಜೋಡಣೆಯಾಗಿ ಮೊದಲು ಕೊಡುವದು ಮೇಲು. ಮಾಸ್ಕೋದವರೂ ಹಾಗೆಯೇ ಮಾಡಿದರು. ಸೊನ್ನೆಯನ್ನು ಅನುಸ್ವಾರಕ್ಕೆ ತಿರುಗಿಸುವ ಕಾರ್ಯವನ್ನೇ ತೆಗೆದುಕೊಳ್ಳಿರಿ. ಬಲ್ಲವರಿಗೆ ಅದು ಒಂದು ಹಾಳೆಯೂ ಆಗದ ಬರಹ. ಆದರೆ ಅದನ್ನು ಪ್ರಶ್ನೆಯ ಕಡೆಗೂ ದಾಖಲೆಯ ಕಡೆಗೂ ಒಂದೇ ಸಮನಾಗಿ ಹಚ್ಚಬೇಕು. ಒಂದು ಕಡೆ ಹಚ್ಚಿ ಇನ್ನೊಂದು ಕಡೆ ಬಿಟ್ಟರೆ ಮೊದಲು ಸಿಕ್ಕುತ್ತಿದ್ದವೂ ಸಿಕ್ಕದೆ ಹೋಗುವವು.

ಬರಹಕ್ಕಿಂತಲೂ ಹೆಚ್ಚಿನ ಶ್ರಮ ಪರೀಕ್ಷೆಯದು. ಸೇರ್ಪಡೆಯ ಜೊತೆಗೆ ‘ಇವು ಕೂಡಬೇಕು, ಇವು ಕೂಡಬಾರದು’ ಎಂಬ ಜೋಡಿಗಳ ಪಟ್ಟಿಯನ್ನೂ ಕೊಡುವದು ವಾಡಿಕೆ. ಮುಂದೆ ಯಾರೇ ಏನೇ ತಿದ್ದಿದರೂ ಆ ಪಟ್ಟಿಯನ್ನು ಯಂತ್ರವೇ ಓಡಿಸಿ ನೋಡಿ, ಕೆಟ್ಟಿದ್ದರೆ ಕೂಗಿ ಹೇಳುವದು. ಬೀಳಗಿ ಬಿಳಗಿ ಕೂಡಬೇಕು. ಕಾಳು ಕಾಲು ಕೂಡಬಾರದು. ಜಮಖ೦ಡಿಯು ಜಮಖಂಡಿಯಾಗಬೇಕು, 10 ಎಂಬದು 10 ಆಗಿಯೇ ಇರಬೇಕು. ಇಂಥ ಪಟ್ಟಿಯನ್ನು ಬರೆಯುವದಕ್ಕೆ ಕಂಪ್ಯೂಟರಿನ ವಿದ್ಯೆ ಬೇಕಾಗಿಲ್ಲ. ಕನ್ನಡ ಬೇಕು, ಅದೂ ಆಯಾ ಊರಿನ ಕನ್ನಡ ಬೇಕು. ಬೆಂಗಳೂರಿನಲ್ಲಿ ಕುಳಿತವನಿಗೆ ಕಂಡಿಕೆ ಎಂಬ ಶಬ್ದವು ಕಂಡಿಯ ಇನ್ನೊಂದು ರೂಪವೆಂದು ತೋರಬಹುದು. ಬನಹಟ್ಟಿಯ ಮನೆಮನೆಯಲ್ಲಿ ಅದು ಲಾಳಿಯೊಳಗೆ ಕೂಡುವ ನೂಲಿನ ಸುತ್ತು. ಅವನು ಎರಡನ್ನೂ ಒಂದು ಮಾಡಿಬಿಟ್ಟರೆ ತಪ್ಪೆಂದು ಹೇಳುವವರು ಯಾರು?

ಈ ನಾಲ್ಕು ಊರುಗಳಿಂದ ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿಗಳಿಗೆ ಎಂಜಿನಿಯರಿಂಗ್ ಓದಲು ಹೋಗುವ ಹುಡುಗ ಹುಡುಗಿಯರು ಇಂದು ಕಡಿಮೆಯಿಲ್ಲ. ಅವರು ಕಲಿಯುವದೆಲ್ಲ ಇಂಗ್ಲಿಷಿನಲ್ಲಿ, ಅಭ್ಯಾಸಕ್ಕೆ ಕೊಡುವ ಕೋಷ್ಟಕಗಳಲ್ಲಿರುವ ಹೆಸರುಗಳೂ ಇಂಗ್ಲಿಷಿನವು. ಅದರಿಂದ ಕನ್ನಡದ ಹೆಸರು ಸಿಕ್ಕದೆ ಹೋಗುವದನ್ನು ಅವರು ಕಂಡೇ ಇರುವದಿಲ್ಲ. ಕನ್ನಡ ತಿಳಿಯದವರು ಈ ಕೆಲಸಕ್ಕೆ ಕೈ ಹಾಕಿದರೆ ತಪ್ಪಾಗುವದು; ತಿಳಿದವರು ಹಾಕದಿದ್ದರೆ ಆಗುವದೇ ಇಲ್ಲ. ಮನೆಯ ಹಿರಿಯರು ಮಕ್ಕಳಿಗೆ ರಜೆಯ ದಿನಗಳಲ್ಲಿ ಒಂದು ವಹಿಯನ್ನು ಕೊಟ್ಟು, ಅಜ್ಜಿಯ ಬಾಯಲ್ಲಿ ಬರುವ ಹೆಸರುಗಳನ್ನೂ ಮಗ್ಗದ, ಕಬ್ಬಿನ ಗಾಣದ, ಅಡಿಗೆಮನೆಯ ಶಬ್ದಗಳನ್ನೂ ಕೇಳಿದ ಹಾಗೆಯೇ ಬರೆಯಿಸಬಹುದು. ಒಂದೇ ಶಬ್ದಕ್ಕೆ ಎರಡು ಬರಹ ಕಂಡರೆ ಎರಡನ್ನೂ ಬರೆಯಿಸಬೇಕು. ಸರಿಯಾದುದು ಯಾವುದೆಂದು ಅಲ್ಲಿ ಜಗಳಾಡುವ ಕಾರಣವಿಲ್ಲ.

ನಮ್ಮ ಮನೆಯಲ್ಲಿ ಇದನ್ನು ಆರಂಭಿಸಿದ್ದೇವೆ. ಅತ್ತೆಯವರು ಹೇಳುತ್ತಾರೆ, ಅವರ ಮೊಮ್ಮಗಳು ಬರೆಯುತ್ತಾಳೆ. ಮೊನ್ನೆಯವರೆಗೆ ಇನ್ನೂರಕ್ಕೂ ಹೆಚ್ಚು ಜೋಡಿಗಳಾಗಿವೆ. ಮೊದಲನೆಯ ಸಾಲಿನಲ್ಲಿರುವದು ಅವರ ಅಡ್ಡಹೆಸರೇ, ಎರಡೂ ಬಗೆಯಲ್ಲಿ. ಎರಡರಲ್ಲಿ ಏನು ಭೇದವೆಂದು ಅವರು ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಎರಡೂ ನಂದs ಐತಲ್ಲೇ” ಎಂದರು. ಕಚೇರಿಯ ದಾಖಲೆಯಲ್ಲಿರುವ ಸೊನ್ನೆಯನ್ನು ತೆಗೆದು ಅನುಸ್ವಾರವನ್ನು ಹಾಕಬೇಕೆಂದು ಅರ್ಜಿ ಕೊಟ್ಟಿರುವೆವು. ಅರ್ಜಿಯನ್ನು ತೆಗೆದುಕೊಂಡವರು ಎರಡು ಹೆಸರುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ತಿದ್ದುವದಕ್ಕೆ ಇದರಲ್ಲಿ ಏನಿದೆ ಎಂದು ಕೇಳಿದರು.